ಬಾಗಿಲ ಮೇಲಿನ ಐದು ಗೆರೆ

ಆ ಕರಪತ್ರ ಈಗಲೂ ನನ್ನ ಬಳಿ ಇದೆ. ಹಳದಿ ಕಾಗದ, ಮೂರು ಮಡಿಕೆ, ಒಳಗೆ ಫೋರ್ಟ್ ಕೊಚ್ಚಿಯ ಐದು ಹಳೆಯ ಮನೆಗಳಿಗೆ ಹೋಗುವ ದಾರಿಯ ನಕ್ಷೆ. ಮೂರನೆಯ ಮನೆಯ ವಿವರದಲ್ಲಿ ಹೀಗಿದೆ: ‘ಮಹಡಿಯ ಹಿಂದಿನ ಕೋಣೆಯ ಬಾಗಿಲ ಮೇಲೆ ಐದು ಗೆರೆಗಳಿವೆ. ಈ ಮನೆಯಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲಿ ತೀರಿಕೊಂಡ ಹೆಣ್ಣುಮಗುವಿನ ಎತ್ತರವನ್ನು ಮನೆಯವರು ವರ್ಷವರ್ಷವೂ ಗುರುತಿಸಿದ್ದು ಹೀಗೆ.’

ಈ ಎರಡು ವಾಕ್ಯ ಬರೆದವಳು ನಾನು. ಮೊದಲನೆಯದು ನಿಜ. ಎರಡನೆಯದು ತಪ್ಪು ಎಂದು ಗೊತ್ತಾಗಲು ಎರಡು ದಿನ ಹಿಡಿಯಿತು. ಅದು ಪೂರ್ತಿ ತಪ್ಪು ಎಂದು ಹೇಳಲು ಮಾತ್ರ ಇವತ್ತಿಗೂ ನನಗೆ ಸಾಧ್ಯವಾಗಿಲ್ಲ.

ಆಗ ನಾನು ತಿರುವನಂತಪುರದ ಒಂದು ಪತ್ರಿಕಾ ಕಚೇರಿಯಲ್ಲಿ ವರದಿಗಳನ್ನು ತಿದ್ದುವ ಕೆಲಸದಲ್ಲಿದ್ದೆ. ವಾಸ ಅದೇ ಊರಿನ ಶ್ರೀಕಾರ್ಯ ಬಡಾವಣೆಯಲ್ಲಿ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗುವಷ್ಟು ದಿನ ಸಿಗುತ್ತಿರಲಿಲ್ಲವಾದ್ದರಿಂದ ರೈಲು ಹತ್ತಿ ಕೊಚ್ಚಿಗೆ ಹೋಗುತ್ತಿದ್ದೆ. ಅಲ್ಲಿ ಕಾಕ್ಕನಾಡಿನ ಹೊಸ ಫ್ಲ್ಯಾಟಿನಲ್ಲಿ ನನ್ನ ಗೆಳತಿ ಇದ್ದಳು. ಧಾರವಾಡದವಳು, ಬ್ಯಾಂಕಿನಲ್ಲಿ ಅಧಿಕಾರಿ, ಶಾಖೆ ಇದ್ದದ್ದು ಫೋರ್ಟ್ ಕೊಚ್ಚಿಯಲ್ಲಿ. ಅವಳ ಕಟ್ಟಡಕ್ಕೆ ಇನ್ನೂ ಲಿಫ್ಟ್ ಬಂದಿರಲಿಲ್ಲ. ಗೋಡೆಯ ಬಣ್ಣ ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ಅಂಥ ಮನೆಯಲ್ಲಿರುವವಳು ಹಳೆಯ ಮನೆಗಳ ಗೀಳು ಹಿಡಿದವರ ಸಂಘಕ್ಕೆ ಸೇರಿದ್ದು ನನಗೆ ತಮಾಷೆಯಾಗಿ ಕಂಡಿತ್ತು.

ಸಂಘದ ಕಾರ್ಯದರ್ಶಿ ಬಂದರಿನಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಪಿಂಚಣಿಗೆಂದು ಅವಳ ಶಾಖೆಗೆ ಬಂದು ಬಂದು ಅವಳನ್ನು ಸಂಘಕ್ಕೆ ಒಲಿಸಿಕೊಂಡಿದ್ದರು. ಪ್ರತಿ ವರ್ಷ ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವೆ ಮೂರು ಮಧ್ಯಾಹ್ನ ಈ ಸಂಘದವರು ಊರಿನ ಹಳೆಯ ಮನೆಗಳನ್ನು ಜನರಿಗೆ ತೆರೆದು ತೋರಿಸುತ್ತಿದ್ದರು. ಮಳೆಮರದ ಕೆಳಗೆ ಮೇಜು ಹಾಕಿ ಟಿಕೆಟು ಕೊಡುವುದು, ಹನ್ನೆರಡು ಹನ್ನೆರಡು ಜನರ ಗುಂಪು, ಹೊಸ್ತಿಲ ಹೊರಗೆ ಚಪ್ಪಲಿ. ಪ್ರತಿ ಕೋಣೆಯಲ್ಲೂ ಒಬ್ಬ ಸ್ವಯಂಸೇವಕ, ಗೋಡೆಯ ಮೇಲೆ ಕೋಣೆಯ ಕಥೆ ಹೇಳುವ ಒಂದು ಕಾರ್ಡು. ಯಾವ ವಸ್ತುವನ್ನೂ ಮುಟ್ಟುವಂತಿಲ್ಲ. ತೆರೆದ ಬಾಗಿಲು ತೆರೆದೇ ಇರಬೇಕು, ಮುಚ್ಚಿದ್ದು ಮುಚ್ಚಿಯೇ ಇರಬೇಕು.

“ಕಾರ್ಡ್, ಕರಪತ್ರ ಬರಿಯವರಿಲ್ಲ,” ಎಂದು ಗೆಳತಿ ಫೋನಿನಲ್ಲಿ ಹೇಳಿದಳು. “ನೀ ಪೇಪರಿನಾಕಿ. ನಾಕು ಸಾಲು ಬರದು ಕೊಟ್ರ ನಿನ್ನ ಗಂಟೇನೂ ಹೋಗಂಗಿಲ್ಲ. ನನಗ ಒಬ್ಬಾಕಿಗೆ ಈ ಹಿರ್ಯಾರ ಕೂಡ ಹೆಣಗಲಿಕ್ಕೆ ಆಗವಲ್ದು.”

“ಬರೀತೀನಿ. ಆದರೆ ಯಾರೋ ಹೇಳಿದರು ಅಂತ ಬರೆಯೋಲ್ಲ. ಪ್ರತಿ ಸಂಗತಿಗೂ ಇಬ್ಬರನ್ನ ಕೇಳ್ತೀನಿ.”

“ಕೇಳವಾ. ಮೂರು ಮಂದೀನ ಕೇಳು. ಇಲ್ಲೆ ಎಲ್ಲಾರೂ ಮಾತಾಡವರ ಇದ್ದಾರ.”

ನಮ್ಮ ಕಚೇರಿಯ ನಿಯಮ ಅದು. ಒಂದೇ ಬಾಯಿಂದ ಬಂದದ್ದನ್ನು ಅಚ್ಚು ಹಾಕುವಂತಿಲ್ಲ. ಇಬ್ಬರು ಬೇಕು. ಮತ್ತು ಆ ಇಬ್ಬರು ಪರಸ್ಪರರಿಂದ ಕೇಳಿಕೊಂಡವರಾಗಿರಬಾರದು. ನಿಯಮದ ಈ ಎರಡನೆಯ ಅರ್ಧವನ್ನು ನಾನು ಕಿರಿಯ ವರದಿಗಾರರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಮೂರನೆಯ ಮನೆಯ ಒಡತಿಗೆ ಐವತ್ತೈದರ ಆಸುಪಾಸು. ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿ, ಮಕ್ಕಳ ವಾರ್ಡಿನಲ್ಲಿ, ಬಹಳ ವರ್ಷ ನರ್ಸಾಗಿದ್ದು ವಾಪಸಾದವರು. ಮದುವೆಯಾಗಿರಲಿಲ್ಲ. ಮನೆ ತಾಯಿಯ ಕಡೆಯಿಂದ ಬಂದದ್ದು. ಅವರು ಹೊರಗಿದ್ದ ಕಾಲದಲ್ಲಿ ಅದು ಬೀಗ ಹಾಕಿಯೇ ಇತ್ತು. ಬೀಗದ ಕೈ ಸಂಘದವರ ಬಳಿ. ಸೋರಿದ ಮಾಡು, ಗೆದ್ದಲು ತಿಂದ ತೊಲೆ ಎಲ್ಲವನ್ನೂ ಸಂಘವೇ ಸರಿಪಡಿಸಿತ್ತು.

ನಾನು ಮೊದಲ ಸಲ ಹೋದಾಗ ಅವರು ಕೆಳಗಿನ ಕೋಣೆಗಳನ್ನು ಬೇಗ ಬೇಗ ತೋರಿಸಿ, ಮಹಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಎರಡು ಕದದ ಎತ್ತರದ ಬಾಗಿಲು. ಹೆಬ್ಬಲಸಿನ ಮರ, ಹಿತ್ತಾಳೆಯ ಚಿಲಕ. ಎರಡೂ ಕದಗಳು ಒಳಗಿನ ಗೋಡೆಗೆ ಒರಗಿ ಪೂರ್ತಿ ತೆರೆದಿದ್ದವು. ಎಡಗಡೆಯ ಕದಕ್ಕೆ ಅಡ್ಡವಾಗಿ ಒಂದು ಬಟ್ಟೆಯ ಕಪಾಟು. ಬಲಗಡೆಯ ಕದದ ಮೇಲೆ, ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲಿನಿಂದ ಸೊಂಟದ ತನಕ, ಒಂದರ ಮೇಲೊಂದು ಐದು ಗೆರೆ. ಕದದ ಮುಂದೆ ಒಂದು ಪುಟ್ಟ ಮರದ ಸ್ಟೂಲು. ಸ್ಟೂಲಿನ ಮೇಲೆ ಗಾಜಿನ ಲೋಟದಲ್ಲಿ ಮೇಣದಬತ್ತಿ. ಪಕ್ಕದ ಗೋಡೆಯಲ್ಲಿ ಒಂದು ಕನ್ನಡಿ, ನಾವು ಮುಖ ನೋಡಿಕೊಳ್ಳಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕಾದಷ್ಟು ಕೆಳಗೆ.

“ಅಮ್ಮನ ಅಕ್ಕ ಇರಬೇಕು,” ಎಂದರು ಒಡತಿ. “ಇಲ್ಲ ಅಜ್ಜಿಯ ತಂಗಿ. ಹೆಸರು ಉಳಿದಿಲ್ಲ. ನೋಡು ಮೋಳೇ, ಇಲ್ಲಿಂದ ಇಲ್ಲಿಗೆ ಅಂತರ ಜಾಸ್ತಿ. ಆ ವರ್ಷ ಚೆನ್ನಾಗಿ ಬೆಳೆದಿದ್ದಾಳೆ. ಆಮೇಲೆ ಇಲ್ಲ.” ಅವರ ಬೆರಳು ಐದನೆಯ ಗೆರೆಯ ಮೇಲೆ ನಿಂತಿತು. “ಎಷ್ಟು ಸಾವಿರ ಮಕ್ಕಳ ಎತ್ತರ ಅಳೆದಿದ್ದೀನೋ. ಅಲ್ಲಿ ಅಳೆದವರು ಯಾರ ನೆನಪೂ ಇಲ್ಲ. ಇವಳದ್ದೊಂದೇ ಇರೋದು.”

ಮೋಳೇ ಎಂದರೆ ಮಗಳೇ. ಕೇರಳದಲ್ಲಿ ಆ ವಯಸ್ಸಿನವರು ತಮಗಿಂತ ಚಿಕ್ಕ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ಆ ಕೋಣೆಯಲ್ಲಿ ಆ ಮಾತು ಕೇಳಿದಾಗ ಮಾತ್ರ ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ.

ಮಗು ಮನೆಯಲ್ಲಿದೆ ಎಂಬುದನ್ನು ಅವರು ಕರೆಂಟು ಹೋಗುವುದರ ಬಗ್ಗೆ ಹೇಳುವಷ್ಟೇ ಸಹಜವಾಗಿ ಹೇಳಿದರು. ಮಧ್ಯಾಹ್ನ ಮೂರರ ಸುಮಾರಿಗೆ ಚಿಲಕ ಒಂದು ಸಲ ಕಿಣಿ ಎನ್ನುತ್ತದೆ. ನೆಲ ಒರೆಸಿದ ದಿನ, ಹಲಗೆ ಆರುವಾಗ, ಕಿಟಕಿಯ ಬಳಿ ಆರದ ಒದ್ದೆ ಉಳಿಯುತ್ತದೆ, ಅಂಗೈಯಷ್ಟು. ಬಾಗಿಲು ಮುಚ್ಚುವುದು ಅವಳಿಗೆ ಇಷ್ಟವಿಲ್ಲ, ಅದಕ್ಕೇ ಮುಚ್ಚುವುದಿಲ್ಲ.

“ಮನೆ ತೆರೀತೀನಿ,” ಎಂದರು ಕೊನೆಗೆ. “ನಿಮ್ಮ ಜನ ಬಂದು ನೋಡಲಿ. ಆದರೆ ಅವಳ ವಿಷಯ ಕಾಗದದಲ್ಲಿ ಇರಬೇಕು. ನಾನು ಹೋದ ಮೇಲೆ ಇಲ್ಲಿ ಹೋಟೆಲ್ ಆಗುತ್ತೋ ಏನಾಗುತ್ತೋ. ಅವಳನ್ನ ನೆನೆಸೋಕೆ ಬೇರೆ ಯಾರಿದ್ದಾರೆ? ಕಾಗದದಲ್ಲಿದ್ದರೆ ಇರ್ತಾಳೆ.”

ಅವರು ಕೇಳಿದ್ದು ಅದೊಂದೇ.

ನಾನು ಇಬ್ಬರನ್ನು ಕೇಳಿದೆ. ಒಬ್ಬರು ಕಾರ್ಯದರ್ಶಿ. ಅವರು ಬಾಗಿಲು ಮನೆಯದೇ ಎಂದರು, ಗೆರೆ ಮಗುವಿನ ಎತ್ತರದವೇ ಇರಬೇಕು ಎಂದರು. ಇನ್ನೊಬ್ಬರು ವೈಪಿನ್ ದ್ವೀಪದಲ್ಲಿದ್ದ ಒಡತಿಯ ದೂರದ ಚಿಕ್ಕಮ್ಮ. ದೋಣಿ ದಾಟಿ ಹೋಗಿ ಕೇಳಿದೆ. “ಹೌದು, ಆ ಮನೇಲಿ ಒಂದು ಹೆಣ್ಣುಮಗು ಜ್ವರದಲ್ಲಿ ಹೋಯ್ತು ಅಂತ ಕೇಳಿದ್ದೀನಿ,” ಎಂದರು. ಯಾರಿಂದ ಕೇಳಿದಿರಿ ಎಂದು ನಾನು ಕೇಳಲಿಲ್ಲ. ವಾಪಸ್ ದೋಣಿಗೆ ಹೊತ್ತಾಗಿತ್ತು. ಆ ಒಂದು ಪ್ರಶ್ನೆ ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮೊದಲ ದಿನ ಮೂರನೆಯ ಮನೆಯ ಮಹಡಿಗೆ ಬಂದವರೆಲ್ಲ ಪಿಸುದನಿಯಲ್ಲಿ ಮಾತಾಡಿದರು. ಯಾರೂ ಹಾಗೆ ಹೇಳಿರಲಿಲ್ಲ. ಆ ಕೋಣೆಗೆ ಸ್ವಯಂಸೇವಕಿಯಾಗಿ ನಿಂತಿದ್ದವಳು ನನ್ನ ಗೆಳತಿ. ಸಂಜೆ ಆರಕ್ಕೆ ಕೊನೆಯ ಗುಂಪು ಇಳಿದ ಮೇಲೆ ಅವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, “ಇವತ್ತು ಮೂರ್ ತಾಸು ನನ್ನ ಮೊಣಕಾಲಿಗೆ ತಂಪ ಗಾಳಿ ಬಡದದ. ಕಿಡಕಿ ಎಲ್ಲಾ ಹಾಕ್ಯಾವ,” ಎಂದಳು.

“ಹಳೇ ಮನೆ. ಹಲಗೆ ಸಂದಿಯಿಂದ ಬರುತ್ತೆ.”

“ಹೌದು, ಸಂದಿಯಿಂದನ ಬರ್ತದ. ನಾ ಇಲ್ಲಂದ್ನೇನು?” ಎಂದು ಅವಳು ನನಗಿಂತ ಮೊದಲೇ ಮೆಟ್ಟಿಲಿಳಿದು ಹೋದಳು.

ನಾನು ಗೆರೆಗಳನ್ನು ಅಳೆದುಕೊಳ್ಳಲು ಉಳಿದೆ. ಕಾರ್ಡಿನಲ್ಲಿ ಅಳತೆ ಹಾಕಬೇಕೆಂದಿತ್ತು. ಲೋಟದೊಳಗಿನ ಉರಿ ಕದದ ಕಡೆಗೆ ವಾಲಿಕೊಂಡಿತ್ತು. ಟಿಪ್ಪಣಿ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡೆ. ಅಳತೆ ಬರೆದುಕೊಂಡೆ. ಬರೆದುಕೊಳ್ಳದೆ ಹೋದದ್ದು ಒಂದಿದೆ: ಗೆರೆಗಳು ಕದದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ಇದ್ದವು. ಮಗುವನ್ನು ನಿಲ್ಲಿಸಿ ತಲೆಯ ಮೇಲೆ ಗುರುತು ಹಾಕುವವರು ಎರಡು ಬೆರಳಿನಷ್ಟು ಗೆರೆ ಎಳೆಯುತ್ತಾರೆ. ಬಾಗಿಲಿನಷ್ಟು ಅಗಲ ಯಾರೂ ಎಳೆಯುವುದಿಲ್ಲ. ಅದು ನನ್ನ ಕಣ್ಣ ಮುಂದೆಯೇ ಇತ್ತು.

ಎರಡನೆಯ ದಿನ ನಾಲ್ಕು ಗಂಟೆಯ ಗುಂಪಿನಲ್ಲಿ ಎಂಬತ್ತರ ಹತ್ತಿರದ ಒಬ್ಬರು ಹೆಂಗಸು, ಮಗಳ ತೋಳು ಹಿಡಿದು ನಿಧಾನವಾಗಿ ಮಹಡಿ ಹತ್ತಿ ಬಂದರು. ಸೀರೆಯಂತೆ ಉಟ್ಟ ಬಿಳಿ ಮುಂಡು, ದಪ್ಪ ಕನ್ನಡಕ. ಮಗಳು “ಅಮ್ಮ ಟೀಚರಾಗಿದ್ದವರು, ಎಲ್ಲಾ ಓದಲೇಬೇಕು ಅವರಿಗೆ,” ಎಂದು ನಗುತ್ತ ಹೇಳಿದಳು. ಟೀಚರ್ ಕಾರ್ಡು ಓದಿದರು. ಮತ್ತೆ ಬಾಗಿಲ ಕಡೆ ತಿರುಗಿದರು. ಚಿಲಕದ ಮೇಲೆ ಕೈಯಿಟ್ಟರು.

“ಟೀಚರೇ, ಮುಟ್ಟಬಾರದು,” ಎಂದಳು ಗೆಳತಿ ತನ್ನ ಧಾರವಾಡದ ಮಲಯಾಳಂನಲ್ಲಿ.

“ಈ ಕಪಾಟು ಸ್ವಲ್ಪ ಸರಿಸ್ತೀಯಾ?” ಎಂದರು ಟೀಚರ್. ತರಗತಿಯಲ್ಲಿ ಕಪ್ಪುಹಲಗೆ ಒರೆಸಲು ಹೇಳುವ ದನಿ. ನನಗೂ ಗೆಳತಿಗೂ ಅದು ಹೇಗೆ ಕೇಳಿಸಿತೋ, ಇಬ್ಬರೂ ಸೇರಿ ಕಪಾಟನ್ನು ಒಂದು ಮಾರು ಸರಿಸಿದೆವು. ಅವರು ಎರಡೂ ಕದಗಳನ್ನು ಎಳೆದು ಮುಚ್ಚಿದರು.

ಕಪಾಟಿನ ಹಿಂದಿದ್ದ ಎಡಗಡೆಯ ಕದದಲ್ಲೂ ಐದು ಗೆರೆ ಇದ್ದವು. ಗೋಡೆಗೆ ಒರಗಿದ್ದ ಹಿಂಬದಿಯಲ್ಲೂ ಅವೇ ಗೆರೆ; ಬಾಗಿಲು ಮುಚ್ಚಿದಾಗ ಒಂದಕ್ಕೊಂದು ಕೂಡಿದವು. ಐದು ಗೆರೆ, ಈ ಚೌಕಟ್ಟಿನಿಂದ ಆ ಚೌಕಟ್ಟಿಗೆ, ಕೂದಲೆಳೆಯಷ್ಟೂ ಓರೆಯಿಲ್ಲದೆ.

“ಇದು ಎತ್ತರ ಅಲ್ಲ,” ಎಂದರು ಟೀಚರ್. “ನೀರು.”

ಮಹಡಿಯ ಮೇಲೆ ಹನ್ನೆರಡು ಜನ, ನಮ್ಮೆಲ್ಲರ ಮೊಣಕಾಲಿನಿಂದ ಸೊಂಟದವರೆಗೆ ಆ ಗೆರೆಗಳು. ಒಬ್ಬಾತ ಕಾಲ ಕೆಳಗೆ ನೋಡಿಕೊಂಡ.

ಅದು ಅವರ ತಂದೆಯ ಮನೆಯ ಬಾಗಿಲು. ಮನೆ ಇದ್ದದ್ದು ಆಲುವದಲ್ಲಿ, ಪೆರಿಯಾರ್ ನದಿಯ ದಂಡೆಯ ಮೇಲೆ. ತೊಂಬತ್ತೊಂಬತ್ತರ ಮಹಾಪ್ರವಾಹದಲ್ಲಿ ಮೊದಲಿನ ಮನೆ ಹೋಯಿತು. ಅಂದರೆ ಮಲಯಾಳಂ ವರ್ಷ ಸಾವಿರದ ತೊಂಬತ್ತೊಂಬತ್ತು, ನಮ್ಮ ಲೆಕ್ಕದಲ್ಲಿ ಸಾವಿರದ ಒಂಬೈನೂರ ಇಪ್ಪತ್ತನಾಲ್ಕು; ಇಲ್ಲಿಯ ಹಿರಿಯರು ಹಿಂದಿನದನ್ನೆಲ್ಲ ಅದಕ್ಕೆ ಮೊದಲು, ಅದರ ನಂತರ ಎಂದೇ ಹೇಳುತ್ತಾರೆ. ಹೊಸ ಮನೆ ಕಟ್ಟಿದ ತಂದೆಗೆ ನೀರಿನ ಭಯ ಹೋಗಲಿಲ್ಲ. ಮಳೆಗಾಲದಲ್ಲಿ ನೀರು ಒಳಗೆ ಬಂದು ಇಳಿದ ಮೇಲೆ ಬಾಗಿಲಿನಲ್ಲಿ ಕೆಸರಿನ ಅಂಚು ಉಳಿಯುತ್ತಿತ್ತು. ತೊಳೆಯುವ ಮೊದಲು ಆ ಅಂಚಿನ ಮೇಲೇ ಅವರು ಕದದ ಎರಡೂ ಬದಿ ಕತ್ತಿಯ ಮೊನೆ ಎಳೆಯುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಮನೆ ಮಾರಿದರು, ಕೊಂಡವರು ಕೆಡವಿದರು, ಮರ ಎಲ್ಲಿಗೆ ಹೋಯಿತೋ ಗೊತ್ತಿರಲಿಲ್ಲ.

“ಕೆಳಗೆ ಇನ್ನೂ ಎರಡು ಇದ್ದವಲ್ಲ,” ಎಂದು ಅವರು ಬಗ್ಗಿ ನೋಡಿದರು. “ಪಾದ ಮುಳುಗುವಷ್ಟು ಬಂದ ವರ್ಷದ್ದು. ಕಾಣ್ತಾ ಇಲ್ಲ.”

ಆಗ ಬಾಗಿಲ ಹೊರಗಿನಿಂದ ತಟ್ಟುವ ಸದ್ದಾಯಿತು. ಮನೆಯ ಒಡತಿ. ಮುಚ್ಚಿದ್ದು ಅವರಿಗೆ ಕೆಳಗೇ ಕೇಳಿಸಿತ್ತು. ಬಾಗಿಲು ತೆರೆದೆವು. ಅವರು ಒಳಗೆ ಬಂದು, ನಾವು ಹೇಳಿದ್ದನ್ನೆಲ್ಲ ನಿಂತು ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಮೂವತ್ತು ವರ್ಷ ವಾರ್ಡಿನಲ್ಲಿದ್ದವರ ಮುಖ.

“ಮೊದಲ ವರ್ಷ ಒಮ್ಮೆ ಮುಚ್ಚಿದ್ದೆ,” ಎಂದರು ಕೊನೆಗೆ, ಯಾರ ಕಡೆಗೂ ನೋಡದೆ. “ಆಮೇಲೆ ಮುಚ್ಚಲಿಲ್ಲ.”

ನಂತರ ಟೀಚರ್ ಕಡೆ ತಿರುಗಿ ಕೇಳಿದರು: “ಆ ಮನೇಲಿ ಮಗು ಯಾವುದೂ ಇರಲಿಲ್ವಾ, ಟೀಚರೇ?”

ಟೀಚರ್ ಕನ್ನಡಕ ಸರಿಮಾಡಿಕೊಂಡರು. ಸ್ಟೂಲನ್ನು ನೋಡಿದರು, ಮೇಣದಬತ್ತಿಯನ್ನು ನೋಡಿದರು, ಕೆಳಗಿದ್ದ ಕನ್ನಡಿಯನ್ನು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅದು ನನ್ನ ಕೆಲಸ. ಸುಮಾರು ಹತ್ತು ಉಸಿರಿನಷ್ಟು ಹೊತ್ತು ಹೋಗಿರಬೇಕು.

“ಉಂಡಾಯಿರುನ್ನು,” ಎಂದರು. ಇತ್ತು. “ಮೇಲಿನ ಗೆರೆಯ ವರ್ಷ. ದೋಣಿ ಬರೋ ಮೊದಲು.”

ಅಷ್ಟೇ. ಮಗಳು ತಾಯಿಯ ಮುಖವನ್ನು ನೋಡಿದ ರೀತಿ ನನಗೆ ಕಂಡಿತು. ಅವಳಿಗೆ ಅದು ಹೊಸ ಸಂಗತಿ.

ಸಂಜೆ ಕಾರ್ಯದರ್ಶಿಯವರನ್ನು ಟಿಕೆಟಿನ ಮೇಜಿನ ಬಳಿ ಹಿಡಿದೆ. ಆಲುವ ಎಂದ ಕೂಡಲೇ ಅವರು ಜೇಬಿನಿಂದ ಅಳತೆಯ ಟೇಪು ತೆಗೆದು, ಎಳೆದು, ಬಿಟ್ಟರು. ಅವರು ಒಪ್ಪಿಕೊಳ್ಳುವ ರೀತಿ ಅದು.

“ಹಳೇ ಬಾಗಿಲು ಗೆದ್ದಲು ತಿಂದು ಪುಡಿಯಾಗಿತ್ತು. ಮಟ್ಟಾಂಚೇರಿಯ ಹಳೇ ಮರದ ಅಂಗಡಿಯಿಂದ ತಂದದ್ದು ಇದು. ಅದೇ ಜಾತಿ ಮರ, ಅದೇ ಕೀಲು, ಅದೇ ಚಿಲಕ. ಒಂದು ಗೇಣು ಉದ್ದವಿತ್ತು. ಕೆಳಗೆ ಕತ್ತರಿಸಿದ್ವಿ.”

ಅಂದರೆ ಟೀಚರ್ ಹೇಳಿದ ಎರಡು ಗೆರೆ ಆ ಗೇಣಿನಲ್ಲಿ ಹೋಗಿದ್ದವು. ಇದು ಅವರಿಗೆ ತಿಳಿಯುವ ದಾರಿ ಬೇರೆ ಇರಲಿಲ್ಲ. ನೀರಿನ ಮಾತಿಗೆ ಇಬ್ಬರು ಸಿಕ್ಕಿದ್ದರು, ಪರಸ್ಪರ ಪರಿಚಯವಿಲ್ಲದ ಇಬ್ಬರು.

“ಬಾಗಿಲು ಮನೆಯದೇ ಅಂದಿರಲ್ಲ ಸರ್?”

“ಹತ್ತು ಹದಿನೈದು ವರ್ಷ ಒಂದು ಚೌಕಟ್ಟಿನಲ್ಲಿ ನಿಂತ ಮೇಲೆ ಅದು ಯಾವ ಮನೆಯದು? ರಿಪೇರಿ ಕಣ್ಣಿಗೆ ಕಂಡರೆ ಅದು ರಿಪೇರಿಯಲ್ಲ, ಗಾಯ. ನಾವು ಕಾಣದ ಹಾಗೆ ಮಾಡಿದ್ವಿ. ಮಾಡ್ತಾ ಮಾಡ್ತಾ ನಮಗೂ ಕಾಣದ ಹಾಗಾಯ್ತು.” ಟೇಪು ಮತ್ತೊಮ್ಮೆ ಎಳೆದರು. “ಗೆರೆ ಏನು ಅಂತ ಆಕೆ ಬಂದ ಹೊಸದರಲ್ಲಿ ಕೇಳಿದರು. ಮಗುವಿನ ಎತ್ತರ ಇರಬಹುದು ಅಂದೆ. ಆಮೇಲೆ ಆಕೆಯೇ ಊರಿಗೆಲ್ಲ ಹೇಳಿದರು. ಊರವರು ನನಗೆ ಹೇಳಿದರು. ನಾನು ನಂಬಿದೆ.”

ವೈಪಿನ್‌ನ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಯಾರಿಂದ ಕೇಳಿದಿರಿ? “ಅವಳೇ ಹೇಳಿದ್ದು, ಮಸ್ಕತ್‌ನಿಂದ ಬಂದ ಮೇಲೆ.” ನನ್ನ ಇಬ್ಬರು ಸಾಕ್ಷಿಗಳು ಒಬ್ಬರೇ ಆಗಿದ್ದರು.

ತಪ್ಪು ಅಚ್ಚಾದ ಮೇಲೆ ತಿದ್ದುಪಡಿ ಹಾಕಬೇಕು. ಅದಕ್ಕೂ ನಮ್ಮಲ್ಲಿ ನಿಯಮವಿದೆ. ಉಳಿದ ಕರಪತ್ರಗಳ ಕಟ್ಟನ್ನು ಕಾಕ್ಕನಾಡಿಗೆ ಹೊತ್ತುಕೊಂಡು ಹೋಗಿ, ಊಟದ ಮೇಜಿನ ಮೇಲೆ ಹರಡಿಕೊಂಡು, ಆ ವಾಕ್ಯವನ್ನು ಪೆನ್ನಿನಿಂದ ಒಂದೊಂದಾಗಿ ಹೊಡೆಯತೊಡಗಿದೆ. ಗೆಳತಿ ಎದುರು ಕೂತು ಸ್ವಲ್ಪ ಹೊತ್ತು ನೋಡಿದಳು.

“ಒಂದು ದಿನ ಉಳದದ. ಯಾರು ಓದ್ತಾರವಾ?”

“ಓದದಿದ್ದರೆ ಹೊಡೆದರೂ ಒಂದೇ, ಬಿಟ್ಟರೂ ಒಂದೇ. ಹೊಡೀತೀನಿ.”

“ಏನು ಮನಶ್ಯಾಳವಾ ನೀ,” ಎಂದು ಬೈದು, ತಾನೂ ಒಂದು ಪೆನ್ನು ತಂದಳು.

ಮರುದಿನ ಬೆಳಿಗ್ಗೆ ಒಂದು ಪ್ರತಿಯನ್ನು ಒಡತಿಗೆ ನಾನೇ ಕೊಂಡುಹೋದೆ. ಹೇಳದೆ ಮಾಡಿದೆವು ಎನ್ನಿಸಬಾರದು ಎಂದು. ಅವರು ಶಾಯಿಯ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಬಾಗಿಲಿನ ಗೆರೆಯನ್ನು ಮುಟ್ಟುತ್ತಿದ್ದ ಹಾಗೆಯೇ.

“ಇದು ಆರನೇದು,” ಎಂದರು.

ಆ ದಿನ ಮೂರನೆಯ ಮನೆ ತೆರೆಯಲಿಲ್ಲ. ಜನರನ್ನು ಎರಡನೆಯ ಮನೆಯಿಂದ ನೇರ ನಾಲ್ಕನೆಯದಕ್ಕೆ ಕರೆದುಕೊಂಡು ಹೋದೆವು. ದಾಟುವಾಗ ನೋಡಿದೆ: ಜಗಲಿಯಲ್ಲಿ ಕಾಗದದ ಕ್ರಿಸ್‌ಮಸ್ ನಕ್ಷತ್ರ ನೇತಾಡುತ್ತಿತ್ತು, ಮಹಡಿಯ ಕಿಟಕಿಗಳು ಮುಚ್ಚಿದ್ದವು.

ಮುಂದಿನ ವರ್ಷದ ತಿರುಗಾಟಕ್ಕೆ ಮನೆ ಕೊಡುವಿರಾ ಎಂದು ಕಾರ್ಯದರ್ಶಿ ಜೂನ್‌ನಲ್ಲೇ ಕೇಳಿ ಕಳಿಸಿದರು. ಒಡತಿಯ ಉತ್ತರ ಗೆಳತಿಯ ಮೂಲಕ ನನಗೆ ಬಂತು: “ಆ ಪೇಪರಿನಾಕಿ ಟೀಚರ್ ಹತ್ರ ಹೋಗಿ ಸರ್ಯಾಗಿ ಕೇಳ್ಕೊಂಡು ಬರ್ಲಿ. ಕೂಸು ಇತ್ತು ಅಂತಾದ್ರ ಕಾಗದದಾಗ ಬರಬೇಕು. ಆಮ್ಯಾಲೆ ಮನಿ.”

ಟೀಚರ್ ಇದ್ದದ್ದು ನಾನಿದ್ದ ಶ್ರೀಕಾರ್ಯದಲ್ಲೇ. ಮಗಳು ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ನನ್ನ ಮನೆಯಿಂದ ಬಸ್ಸಿನಲ್ಲಿ ಎರಡು ನಿಲ್ದಾಣ. ಅಷ್ಟು ಹತ್ತಿರವಿದ್ದರೂ ಆರು ತಿಂಗಳು ನಾನು ಹೋಗಿರಲಿಲ್ಲ. ಆ ಆರು ತಿಂಗಳಲ್ಲಿ ಕೆಲವು ಮಧ್ಯಾಹ್ನ, ಕಚೇರಿಯ ಬಾಗಿಲ ಚಿಲಕದ ಸದ್ದಾದಾಗ, ಗಡಿಯಾರ ನೋಡಿಕೊಂಡದ್ದುಂಟು. ಮೂರು ಗಂಟೆಯಾಗಿದ್ದ ದಿನಗಳು ಬೇರೆ ದಿನಗಳಿಗಿಂತ ಹೆಚ್ಚೇನೂ ಇರಲಿಲ್ಲ.

ಜುಲೈಯಲ್ಲಿ, ಕರ್ಕಾಟಕ ಮಾಸದ ಮಳೆ ಹಿಡಿದ ಒಂದು ಭಾನುವಾರ ಹೋದೆ. ಟೀಚರ್ ಜಗಲಿಯಲ್ಲಿ ಕೂತು ಬೇಯಿಸಲೆಂದು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು. ಗುರುತು ಹಿಡಿದರು. ಬಾಗಿಲಿನ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಯಾವ ಗೆರೆ ಮೊದಲು, ಯಾವುದು ಆಮೇಲೆ, ಎಲ್ಲ. ಕೊನೆಗೆ ನಾನು ಮಗುವಿನ ವಿಷಯಕ್ಕೆ ಬಂದೆ.

“ಆಕೆ ಈಗಲೂ ಮೇಣದಬತ್ತಿ ಹಚ್ಚುತ್ತಾಳಾ?” ಎಂದರು.

“ಹಚ್ಚುತ್ತಾರಂತೆ.”

“ಹಚ್ಚಲಿ.”

“ಮಗು ಯಾರು ಟೀಚರ್? ನಿಮ್ಮ ತಂಗಿಯೇ?”

ಸಿಪ್ಪೆ ಉದ್ದಕ್ಕೆ ಕಳಚಿ ಬಿತ್ತು. “ಅವತ್ತೇ ಹೇಳಿದೆನಲ್ಲ ಮೋಳೇ. ಇತ್ತು ಅಂತ. ಎಷ್ಟು ಸಲ ಹೇಳಬೇಕು?”

“ಒಂದು ಸಲ ಸಾಕು. ಆದರೆ ಇನ್ನೊಬ್ಬರು ಹೇಳಬೇಕು.”

“ಇನ್ನೊಬ್ಬರು ಯಾರಿದ್ದಾರೆ,” ಎಂದರು ಅವರು. ಅದು ಪ್ರಶ್ನೆಯಾಗಿರಲಿಲ್ಲ.

ಮಗಳು ಕೊಡೆ ಹಿಡಿದು ಗೇಟಿನ ತನಕ ಬಂದಳು. “ಬರೆಯೋ ಮೊದಲು ಒಂದು ಮಾತು. ಅಮ್ಮ ಒಬ್ಬಳೇ ಮಗಳು. ನಾವು ಹುಟ್ಟಿದಾಗಿನಿಂದ ಕೇಳಿರೋದು ಹಾಗೇ. ಬೇರೆ ಮಗುವಿನ ಮಾತು ಆ ಮಹಡಿ ಮೇಲೆ ಕೇಳಿದ್ದೇ ಮೊದಲು.” ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದಳು. “ಆದರೆ ಈ ತಿಂಗಳು ಮಾತ್ರ ನಮ್ಮನ್ನ ಆಲುವ ಮನೆಯಿಂದ ನದಿಗಿಳಿಯೋ ಮೆಟ್ಟಿಲ ಹತ್ರ ಬಿಡ್ತಿರಲಿಲ್ಲ. ಅದು ಎಲ್ಲಾ ತಾಯಂದಿರೂ ಮಾಡ್ತಾರೆ, ಅಲ್ವಾ?”

ಹೌದು ಎಂದೆ. ಎಲ್ಲ ತಾಯಂದಿರೂ ಮಾಡುತ್ತಾರೆ.

ಡಿಸೆಂಬರ್‌ನಲ್ಲಿ ಹೊಸ ಕಾರ್ಡು ಬರೆದೆ. ‘ಈ ಬಾಗಿಲು ಆಲುವದ ನದಿದಂಡೆಯ ಮನೆಯೊಂದರದು. ಗೆರೆಗಳು ಮಳೆಗಾಲದಲ್ಲಿ ನೀರು ಏರಿದ ಮಟ್ಟವನ್ನು ತೋರಿಸುತ್ತವೆ. ಈ ಮನೆಗೆ ಹೊಂದಿಸುವಾಗ ಕೆಳಗಿನ ಎರಡು ಗೆರೆಗಳನ್ನು ಕತ್ತರಿಸಲಾಗಿದೆ.’ ಕಾರ್ಯದರ್ಶಿ ಕೊನೆಯ ವಾಕ್ಯ ಬೇಡವೆಂದು ಎರಡು ಸಲ ಫೋನ್ ಮಾಡಿದರು. ಬಿಡಲಿಲ್ಲ.

ತಿರುಗಾಟದ ಹಿಂದಿನ ದಿನ ಕಾರ್ಡು ಹಿಡಿದು ಮೂರನೆಯ ಮನೆಗೆ ಹೋದೆ. ಒಡತಿ ಮಹಡಿಯ ಕೋಣೆಯಲ್ಲಿದ್ದರು. ಕಪಾಟು ಅಲ್ಲಿರಲಿಲ್ಲ. ಎರಡೂ ಕದದ ಗೆರೆಗಳು ಕಾಣುತ್ತಿದ್ದವು. ಸ್ಟೂಲು, ಕನ್ನಡಿ, ಲೋಟ ಇದ್ದಲ್ಲೇ ಇದ್ದವು. ಅವರು ಕಿಟಕಿಯ ಬೆಳಕಿಗೆ ಹಿಡಿದು ಕಾರ್ಡು ಓದಿದರು. ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು.

“ಅವಳಿಲ್ಲ.”

“ಟೀಚರ್ ಇತ್ತು ಅಂತಾರೆ. ಅವರ ಮಗಳು ಕೇಳಿಲ್ಲ ಅಂತಾಳೆ. ಇನ್ನೊಬ್ಬರು ಸಿಗಲಿಲ್ಲ ಅಕ್ಕಾ. ಒಬ್ಬರ ಮಾತಿನ ಮೇಲೆ ನಾನು ಬರೆಯೋಕಾಗಲ್ಲ. ಹೋದ ಸಲ ಬರೆದು ನಿಮಗೆ ಏನಾಯ್ತು ನೋಡಿದಿರಲ್ಲ.”

“ಇಬ್ಬರು ಬೇಕು.”

“ಹೌದು.”

“ಅವರು ಒಬ್ಬರು,” ಎಂದರು. “ನಾನು ಇನ್ನೊಬ್ಬಳು. ಅವರು ಕಂಡದ್ದು ಆ ಮನೇಲಿ. ನಾನು ಈ ಮನೇಲಿ. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ.”

ನಿಜವಾಗಬೇಕೆಂದು ಆಸೆಪಡುವವರನ್ನು ಸಾಕ್ಷಿಯೆಂದು ಎಣಿಸುವುದಿಲ್ಲ. ಅದೂ ನಿಯಮವೇ. ಆದರೆ ನಾನು ಹೇಳಲಿಲ್ಲ. ಪೆನ್ನನ್ನೂ ತೆಗೆಯಲಿಲ್ಲ. ಹೊರಗೆ ಬೀದಿಯಲ್ಲಿ, ವರ್ಷದ ಕೊನೆಗೆ ಸುಡುವ ಮುದುಕನ ಬೊಂಬೆಗೆ ಹಣ ಕೇಳುತ್ತ ಯಾರೋ ತಮಟೆ ಬಾರಿಸಿಕೊಂಡು ಹೋದರು.

ಆಮೇಲೆ ಅವರು “ಸರಿ,” ಎಂದರು. “ಮನೆ ತೆರೀತೀನಿ. ಕಾರ್ಡ್ ನಾನೇ ಅಂಟಿಸ್ತೀನಿ.”

ಮರುದಿನ ಮೂರು ಗಂಟೆಗೆ ಮೊದಲ ಗುಂಪಿನೊಂದಿಗೆ ಮಹಡಿ ಹತ್ತಿದೆ. ಉಳಿದ ಕೋಣೆಗಳಲ್ಲೆಲ್ಲ ಕಾರ್ಡು ಕಣ್ಣಿನ ಎತ್ತರಕ್ಕಿತ್ತು. ಸಂಘದ ಪದ್ಧತಿ ಅದು. ಇಲ್ಲಿ ಗೋಡೆ ಖಾಲಿ. ಜನ ಅತ್ತಿತ್ತ ನೋಡಿದರು. ಗೆಳತಿ ಸುಮ್ಮನೆ ಕೆಳಗೆ ಕೈ ತೋರಿಸಿದಳು. ಒಡತಿ ಅದನ್ನು ಕನ್ನಡಿಯ ಪಕ್ಕದಲ್ಲಿ, ಐದನೆಯ ಗೆರೆಗಿಂತ ನಾಲ್ಕು ಬೆರಳು ಕೆಳಗೆ, ಅಷ್ಟೆತ್ತರದ ಒಬ್ಬರ ಕಣ್ಣಿಗೆ ಸರಿಯಾಗಿ ಬೀಳುವ ಹಾಗೆ ಅಂಟಿಸಿದ್ದರು.

ಹನ್ನೆರಡು ಜನ ಮೇಣದಬತ್ತಿಯ ಬೆಳಕಿನಲ್ಲಿ ಒಬ್ಬೊಬ್ಬರಾಗಿ ಮಂಡಿಯೂರಿ, ನೀರಿನ ಬಗ್ಗೆ ನಾನು ಬರೆದ ಮೂರು ಸಾಲು ಓದಿದರು. ಎದ್ದು ನಿಂತವರು ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.